ಬೆಲ್ಟ್ ಮೂಳೆಯ ಮೇಲಿದೆಯಾ, ಹೊಟ್ಟೆಯ ಮೇಲಾ? ಸೀಟ್ ಬೆಲ್ಟ್ ಆಯ್ಕೆಗೊಂದು ಹೋಲಿಕೆ

ಒಂದೇ ಕಾರು, ಒಂದೇ ಡಿಕ್ಕಿ. ಅಣ್ಣ ಕಾರು ಓಡಿಸುತ್ತಿದ್ದ, ಅತ್ತಿಗೆ ಪಕ್ಕದ ಸೀಟಿನಲ್ಲಿದ್ದರು. ಇಬ್ಬರೂ ಬೆಲ್ಟ್ ಹಾಕಿದ್ದರು. ಅಣ್ಣನಿಗೆ ಭುಜದಿಂದ ಎದೆಗೆ ಅಡ್ಡಲಾಗಿ ಒಂದು ನೀಲಿ ಗೆರೆ ಮೂಡಿತು, ಎರಡು ವಾರದಲ್ಲಿ ಮಾಸಿಹೋಯಿತು. ಅತ್ತಿಗೆಗೆ ಕರುಳಿನ ಆಪರೇಷನ್ ಆಯಿತು. ಸುಸ್ತಾಗಿದೆ ಅಂತ ಅವರು ಸೀಟನ್ನು ಪೂರ್ತಿ ಹಿಂದಕ್ಕೆ ಒರಗಿಸಿ ಮಲಗಿದ್ದರು. ಬೆಲ್ಟ್ ಸೊಂಟ ಬಿಟ್ಟು ಮೇಲೆ ಸರಿದು ಹೊಟ್ಟೆಯ ಮೇಲೆ ಕೂತಿತ್ತು. ಈಗ ಅವರು ಚೆನ್ನಾಗಿದ್ದಾರೆ. ಆದರೆ ಆ ದಿನದಿಂದ ನಾನು ಯಾವ ಕಾರು ಹತ್ತಿದರೂ ಮೊದಲು ನೋಡುವುದು ಒಂದೇ: ಬೆಲ್ಟ್ ಎಲ್ಲಿ ಕೂತಿದೆ?

ಕಾರು ಕೊಳ್ಳುವಾಗ, ಮಗುವಿಗೆ ಸೀಟು ಆರಿಸುವಾಗ, ಅಮ್ಮನನ್ನು ಎಲ್ಲಿ ಕೂರಿಸಬೇಕು ಅಂತ ಯೋಚಿಸುವಾಗ ಹತ್ತಾರು ಆಯ್ಕೆಗಳು ಎದುರಾಗುತ್ತವೆ. ಎಲ್ಲವನ್ನೂ ನಾನು ಇದೇ ಪ್ರಶ್ನೆಯಿಂದ ಅಳೆಯುತ್ತೇನೆ. ಬೆಲ್ಟ್ ಗಟ್ಟಿ ಮೂಳೆಯ ಮೇಲಿದೆಯಾ, ಮೆತ್ತನೆಯ ಭಾಗದ ಮೇಲಾ?

ಬೆಲ್ಟ್ ಮಾಡುವ ಕೆಲಸ ಏನು?

ಗಂಟೆಗೆ 50 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದು ಅಂದರೆ ಸುಮಾರು 10 ಮೀಟರ್ ಎತ್ತರದಿಂದ ಬಿದ್ದ ಹಾಗೆ. ಮೂರನೇ ಮಹಡಿಯಿಂದ ಜಿಗಿದಂತೆ ಅಂದುಕೊಳ್ಳಿ. ಕಾರಿನ ಮುಂಭಾಗ ನಜ್ಜುಗುಜ್ಜಾಗುತ್ತಾ ಆ ಹೊಡೆತವನ್ನು ಸ್ವಲ್ಪ ನುಂಗುತ್ತದೆ. ಬೆಲ್ಟ್ ಹಾಕಿದವರು ಕಾರಿನ ಜೊತೆಯಲ್ಲೇ ನಿಲ್ಲುತ್ತಾರೆ. ಅವರಿಗೆ ನಿಲ್ಲಲು ಅರ್ಧ ಮೀಟರಿಗಿಂತ ತುಸು ಜಾಸ್ತಿ ಜಾಗ ಸಿಕ್ಕಿತು ಅಂತಿಟ್ಟುಕೊಳ್ಳೋಣ. 60 ಕೆ.ಜಿ. ತೂಕದವರ ಮೇಲೆ ಆಗ ಬೀಳುವ ಭಾರ ಹತ್ತಿರ ಹತ್ತಿರ ಒಂದು ಟನ್. ಬೆಲ್ಟ್ ಇಲ್ಲದವರು ಕಾರು ನಿಂತ ಮೇಲೂ ಅದೇ ವೇಗದಲ್ಲಿ ಮುಂದೆ ಹೋಗುತ್ತಾರೆ. ಡ್ಯಾಶ್‌ಬೋರ್ಡಿಗೋ ಗಾಜಿಗೋ ಬಡಿದು ಕೆಲವೇ ಸೆಂಟಿಮೀಟರಿನಲ್ಲಿ ನಿಲ್ಲಬೇಕು. ಆಗ ಅದೇ ಭಾರ ಹತ್ತು ಟನ್ ದಾಟುತ್ತದೆ.

ಒಂದು ಟನ್ ಕೂಡ ಸಣ್ಣದಲ್ಲ. ಅದನ್ನು ತಾಳಿಕೊಳ್ಳಬಲ್ಲ ಜಾಗಗಳು ನಮ್ಮ ದೇಹದಲ್ಲಿ ಕೆಲವೇ. ಸೊಂಟದ ಎರಡೂ ಬದಿಯ ಮೂಳೆ, ಎದೆಗೂಡು, ಭುಜದ ಎಲುಬು. ಹೊಟ್ಟೆಗೆ ಅಂಥ ಕವಚ ಇಲ್ಲ. ಕುತ್ತಿಗೆಗೂ ಇಲ್ಲ.

ಬರೀ ಸೊಂಟದ ಪಟ್ಟಿಯೋ, ತ್ರೀ-ಪಾಯಿಂಟ್ ಬೆಲ್ಟೋ?

ಹಳೆಯ ಕಾರುಗಳ ಹಿಂದಿನ ಸಾಲಿನ ಮಧ್ಯದ ಸೀಟಿನಲ್ಲಿ ಈಗಲೂ ಬರೀ ಸೊಂಟದ ಪಟ್ಟಿ ಸಿಗುತ್ತದೆ. ಅದು ನಿಮ್ಮನ್ನು ಕಾರಿನಿಂದ ಹೊರಗೆ ಎಸೆಯದಂತೆ ತಡೆಯುತ್ತದೆ. ಅದು ದೊಡ್ಡ ಉಪಕಾರವೇ. ಹೊರಗೆ ಎಸೆಯಲ್ಪಟ್ಟವರಿಗೆ ಸಾವಿನ ಅಪಾಯ ಬಹಳ ಹೆಚ್ಚು. ಆದರೆ ಮೇಲಿನ ಅರ್ಧ ದೇಹಕ್ಕೆ ಹಿಡಿತವೇ ಇರುವುದಿಲ್ಲ. ಎದುರಿನಿಂದ ಡಿಕ್ಕಿಯಾದರೆ ಮೈ ಆ ಪಟ್ಟಿಯ ಸುತ್ತ ಮಡಚಿಕೊಳ್ಳುತ್ತದೆ. ತಲೆ ಮೊಣಕಾಲಿಗೋ ಮುಂದಿನ ಸೀಟಿಗೋ ಬಡಿಯುತ್ತದೆ. ಪಟ್ಟಿ ಹೊಟ್ಟೆಯನ್ನು ಬೆನ್ನುಮೂಳೆಗೆ ಒತ್ತುತ್ತದೆ.

ಹೀಗೆ ಮಡಚಿಕೊಂಡಾಗ ಸೊಂಟದ ಮಟ್ಟದ ಬೆನ್ನೆಲುಬು ಅಡ್ಡಲಾಗಿ ಸೀಳಬಹುದು. 1948ರಲ್ಲಿ ಚಾನ್ಸ್ ಅನ್ನುವ ಬ್ರಿಟಿಷ್ ವೈದ್ಯರು ಈ ಬಗೆಯ ಮುರಿತವನ್ನು ವಿವರಿಸಿದರು. ಇಂದಿಗೂ ಅದಕ್ಕೆ ಚಾನ್ಸ್ ಫ್ರ್ಯಾಕ್ಚರ್ ಅಂತಲೇ ಹೆಸರು. 1962ರಲ್ಲಿ ಗ್ಯಾರೆಟ್ ಮತ್ತು ಬ್ರೌನ್‌ಸ್ಟೈನ್ ಅನ್ನುವವರು ಹೊಟ್ಟೆಯ ಮೇಲಿನ ಪಟ್ಟಿಯ ಗುರುತು ಮತ್ತು ಒಳಗಿನ ಗಾಯ ಜೊತೆಜೊತೆಗೆ ಬರುವುದನ್ನು ಗುರುತಿಸಿ 'ಸೀಟ್ ಬೆಲ್ಟ್ ಸಿಂಡ್ರೋಮ್' ಅಂತ ಕರೆದರು. ಬೆಲ್ಟ್ ಹಾಕಿದರೇ ಗಾಯ ಆಗುತ್ತೆ ಅನ್ನುವ ಮಾತು ಕೇಳಿದ್ದೀರಿ ಅಲ್ವಾ? ಆ ಮಾತಿನ ಬೇರು ಬಹುಪಾಲು ಇಲ್ಲಿದೆ. ಬರೀ ಸೊಂಟದ ಪಟ್ಟಿ, ಅಥವಾ ತಪ್ಪು ಜಾಗದಲ್ಲಿ ಕೂತ ಬೆಲ್ಟ್.

ಸೊಂಟ, ಭುಜ ಎರಡನ್ನೂ ಹಿಡಿಯುವ ಈಗಿನ ತ್ರೀ-ಪಾಯಿಂಟ್ ಬೆಲ್ಟ್ ಬಂದದ್ದು 1959ರಲ್ಲಿ. ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ಅದನ್ನು ರೂಪಿಸಿದರು. ಅದಕ್ಕೂ ಮೊದಲು ಅವರು ಯುದ್ಧವಿಮಾನದ ಪೈಲಟ್‌ಗಳನ್ನು ಹೊರಗೆ ಚಿಮ್ಮಿಸುವ ಸೀಟಿನ ಮೇಲೆ ಕೆಲಸ ಮಾಡಿದ್ದವರು. ಒಂದೇ ಪಟ್ಟಿ, ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದು, ಬಕಲ್ ಸೊಂಟದ ಪಕ್ಕಕ್ಕೆ. ವೋಲ್ವೋ ಆ ಪೇಟೆಂಟನ್ನು ಬೇರೆ ಕಂಪನಿಗಳೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ಅದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಎರಡರ ನಡುವಿನ ವ್ಯತ್ಯಾಸ ಅಂಕಿಯಲ್ಲೂ ಕಾಣುತ್ತದೆ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯ ಲೆಕ್ಕದಂತೆ, ಕಾರಿನ ಹಿಂದಿನ ಸೀಟಿನಲ್ಲಿ ಸೊಂಟದ ಪಟ್ಟಿ ಸಾವಿನ ಅಪಾಯವನ್ನು ಶೇ. 32ರಷ್ಟು ತಗ್ಗಿಸುತ್ತದೆ. ಭುಜದ ಪಟ್ಟಿಯೂ ಸೇರಿದರೆ ಅದು ಶೇ. 44. ಮುಂದಿನ ಸೀಟಿನ ತ್ರೀ-ಪಾಯಿಂಟ್ ಬೆಲ್ಟ್ ಸಾವಿನ ಅಪಾಯವನ್ನು ಶೇ. 45ರಷ್ಟು, ಮಧ್ಯಮದಿಂದ ತೀವ್ರ ಮಟ್ಟದ ಗಾಯದ ಅಪಾಯವನ್ನು ಶೇ. 50ರಷ್ಟು ಕಡಿಮೆ ಮಾಡುತ್ತದೆ. ಆದ್ದರಿಂದ ಕಾರಿನಲ್ಲಿ ಎರಡೂ ಬಗೆಯ ಸೀಟುಗಳಿದ್ದರೆ ಮೊದಲು ತ್ರೀ-ಪಾಯಿಂಟ್ ಇರುವ ಸೀಟುಗಳನ್ನು ತುಂಬಿಸಿ. ಸೊಂಟದ ಪಟ್ಟಿಯ ಸೀಟು ಖಾಲಿ ಉಳಿಯಲಿ. ಅಲ್ಲಿ ಕೂರಲೇಬೇಕಾದರೆ ಪಟ್ಟಿಯನ್ನು ತೊಡೆಯ ಬುಡಕ್ಕೆ ಇಳಿಸಿ, ಬಿಗಿ ಮಾಡಿ, ಬೆನ್ನನ್ನು ನೆಟ್ಟಗೆ ಒರಗಿಸಿ ಕೂರಬೇಕು. ಬೆಲ್ಟೇ ಇಲ್ಲದೆ ಕೂರುವುದಕ್ಕಿಂತ ಅದು ನಿಜಕ್ಕೂ ಮೇಲು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಬಗೆ ಇತ್ತು. ಎಂಬತ್ತು-ತೊಂಬತ್ತರ ದಶಕದ ಕೆಲವು ಅಮೆರಿಕನ್ ಕಾರುಗಳಲ್ಲಿ ಭುಜದ ಪಟ್ಟಿ ಮೋಟರಿನಿಂದ ತಾನಾಗೇ ಬಂದು ಕೂರುತ್ತಿತ್ತು. ಸೊಂಟದ ಪಟ್ಟಿಯನ್ನು ಮಾತ್ರ ನಾವೇ ಹಾಕಬೇಕಿತ್ತು. ಜನ ಅದನ್ನು ಮರೆಯುತ್ತಿದ್ದರು. ಆಗ ಮೈ ಕೆಳಗೆ ಜಾರಿ, ಪಟ್ಟಿ ಕುತ್ತಿಗೆಗೆ ಬಂದು ನಿಲ್ಲುತ್ತಿತ್ತು. ಈಗ ಅದು ಮಾಯವಾಗಿರುವುದೇ ಒಳ್ಳೆಯದು.

ರೇಸ್ ಕಾರಿನ ಹಾರ್ನೆಸ್ ಇನ್ನೂ ಒಳ್ಳೆಯದಲ್ಲವೇ?

ಈ ಪ್ರಶ್ನೆ ಹುಡುಗರಿಂದ ಪದೇ ಪದೇ ಬರುತ್ತದೆ. ರೇಸ್ ಟ್ರ್ಯಾಕ್‌ನಲ್ಲಿ ಹೌದು, ದಿನಬಳಕೆಯ ಕಾರಿನಲ್ಲಿ ಬೇಡ. ಹಾರ್ನೆಸ್‌ನ ಪಟ್ಟಿಗಳು ಎರಡೂ ಭುಜಗಳನ್ನು ಸೀಟಿಗೆ ಬಿಗಿದರೆ ತಲೆ ಮಾತ್ರ ಮುಂದಕ್ಕೆ ಚಿಮ್ಮುತ್ತದೆ. ಎಲ್ಲಾ ಎಳೆತ ಕುತ್ತಿಗೆಯ ಮೇಲೆ ಬೀಳುತ್ತದೆ. 2001ರ ಫೆಬ್ರುವರಿಯಲ್ಲಿ ಅಮೆರಿಕದ ರೇಸ್ ಚಾಲಕ ಡೇಲ್ ಅರ್ನ್‌ಹಾರ್ಟ್ ರೇಸ್ ನಡುವೆಯೇ ತಲೆಬುರುಡೆಯ ಬುಡ ಮುರಿದು ತೀರಿಕೊಂಡರು. ಅದೇ ವರ್ಷ ಅಲ್ಲಿನ ಕಾರ್ ರೇಸ್ ಸಂಸ್ಥೆ ನ್ಯಾಸ್ಕಾರ್ ತಲೆ-ಕುತ್ತಿಗೆ ಹಿಡಿಯುವ ಸಾಧನವನ್ನು ಕಡ್ಡಾಯ ಮಾಡಿತು. 2003ರಿಂದ ಫಾರ್ಮುಲಾ ಒನ್‌ನಲ್ಲೂ ಅದು ಕಡ್ಡಾಯ. ಹೆಲ್ಮೆಟ್, ಆ ಸಾಧನ, ಮೈಗೆ ಕಚ್ಚಿ ಕೂರುವ ಸೀಟು, ಚಾವಣಿ ಕುಸಿಯದಂತೆ ಕಬ್ಬಿಣದ ಪಂಜರ, ಇಷ್ಟೆಲ್ಲಾ ಇದ್ದರೆ ಹಾರ್ನೆಸ್‌ಗೆ ಬೆಲೆ. ಸಾಮಾನ್ಯ ಕಾರು ಮಗುಚಿ ಚಾವಣಿ ಕುಸಿದರೆ, ಹಾರ್ನೆಸ್ ಹಾಕಿದವರಿಗೆ ಪಕ್ಕಕ್ಕೆ ವಾಲಲೂ ಆಗುವುದಿಲ್ಲ. ತೊಡೆಗಳ ನಡುವಿನ ಪಟ್ಟಿ ಇಲ್ಲದ ನಾಲ್ಕು-ಬಿಂದುವಿನ ಹಾರ್ನೆಸ್ ಇನ್ನೊಂದು ಕೆಟ್ಟ ಕೆಲಸ ಮಾಡುತ್ತದೆ. ಭುಜದ ಪಟ್ಟಿಗಳು ಸೊಂಟದ ಪಟ್ಟಿಯನ್ನು ಮೇಲಕ್ಕೆ, ಹೊಟ್ಟೆಗೆ ಎಳೆದು ತರುತ್ತವೆ.

ಎರಡು ಕಾರುಗಳಲ್ಲೂ ತ್ರೀ-ಪಾಯಿಂಟ್ ಇದ್ದರೆ?

ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಒಳಗಿದೆ. ಎರಡು ಹೆಸರು ನೆನಪಿಡಿ: ಪ್ರಿಟೆನ್ಷನರ್, ಲೋಡ್ ಲಿಮಿಟರ್.

ಪ್ರಿಟೆನ್ಷನರ್ ಡಿಕ್ಕಿಯ ಮೊದಲ ಕ್ಷಣದಲ್ಲೇ ಪುಟ್ಟ ಮದ್ದನ್ನು ಸಿಡಿಸಿ ಬೆಲ್ಟಿನ ಸಡಿಲವನ್ನು ಒಳಗೆ ಎಳೆದುಕೊಳ್ಳುತ್ತದೆ. ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತಿನ ಕೆಲಸ ಅದು. ಇಡೀ ಡಿಕ್ಕಿಯೇ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಹಾಗಾಗಿ ಬೆಲ್ಟ್ ಎಷ್ಟು ಬೇಗ ಮೈಗೆ ಅಂಟುತ್ತದೆಯೋ ಅಷ್ಟು ಒಳ್ಳೆಯದು. ಲೋಡ್ ಲಿಮಿಟರ್ ಅದರ ಮುಂದಿನ ಕೆಲಸ ನೋಡಿಕೊಳ್ಳುತ್ತದೆ. ಎದೆಯ ಮೇಲಿನ ಭಾರ ಒಂದು ಮಿತಿ ದಾಟಿದರೆ ಬೆಲ್ಟನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತದೆ. ಸುರುಳಿಯೊಳಗಿನ ಒಂದು ಲೋಹದ ಸರಳು ತಿರುಚಿಕೊಳ್ಳುತ್ತಾ ಆ ಕೆಲಸ ಮಾಡುತ್ತದೆ. ಪಕ್ಕೆಲುಬು ಉಳಿಯುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇದಕ್ಕೆ ಜಾಸ್ತಿ ಬೆಲೆ ಕೊಡಿ. ಅರವತ್ತು ದಾಟಿದವರ ಎದೆಮೂಳೆ, ಪಕ್ಕೆಲುಬು ಬೆಲ್ಟಿನ ಒತ್ತಡಕ್ಕೇ ಮುರಿಯಬಹುದು. ಆಮೇಲೆ ಉಸಿರಾಟದ ತೊಂದರೆ ಶುರುವಾಗುತ್ತದೆ.

ಮುಂದಿನ ಸೀಟುಗಳಲ್ಲಿ ಇವೆರಡೂ ಈಗ ಸಾಮಾನ್ಯ. ಹಿಂದಿನ ಸೀಟಿನ ಬೆಲ್ಟ್‌ಗೂ ಇದೆಯಾ ಅಂತ ಕೇಳಿ. ಇದನ್ನು ಕೇಳುವವರು ಕಡಿಮೆ. ಅಮೆರಿಕದ ಐಐಎಚ್‌ಎಸ್ ಸಂಸ್ಥೆ 2022ರಲ್ಲಿ ತನ್ನ ಮುಂಭಾಗದ ಡಿಕ್ಕಿಯ ಪರೀಕ್ಷೆಯನ್ನು ಬದಲಾಯಿಸಿ ಹಿಂದಿನ ಸೀಟಿನಲ್ಲೂ ಒಂದು ಗೊಂಬೆ ಕೂರಿಸತೊಡಗಿತು. ಸಣ್ಣ ಮೈಕಟ್ಟಿನ ಹೆಂಗಸು ಅಥವಾ 12 ವರ್ಷದ ಮಗುವಿನ ಅಳತೆಯ ಗೊಂಬೆ. ಅದರ ಬೆಲ್ಟ್ ಸೊಂಟದಿಂದ ಹೊಟ್ಟೆಗೆ ಸರಿಯುತ್ತದೆಯೇ ಅಂತಲೂ ನೋಡುತ್ತಾರೆ. ಎರಡು ಕಾರುಗಳ ನಡುವೆ ತೂಗುವಾಗ ಇಂಥ ಪರೀಕ್ಷೆಯ ಫಲಿತಾಂಶ ಸಿಕ್ಕರೆ, ಸನ್‌ರೂಫ್‌ಗಿಂತ ಮೊದಲು ಅದನ್ನು ಓದಿ.

ಭುಜದ ಪಟ್ಟಿಯ ಎತ್ತರ ಹೊಂದಿಸುವ ಗುಂಡಿ ಇದೆಯಾ ಅನ್ನುವುದೂ ಮುಖ್ಯ. ಕುಳ್ಳಗಿರುವವರಿಗೆ ಪಟ್ಟಿ ಕುತ್ತಿಗೆಗೆ ತಾಗುತ್ತದೆ. ತಾಗಿದರೆ ಕಿರಿಕಿರಿ ಅಂತ ಕಂಕುಳ ಕೆಳಗೆ ಹಾಕಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಭುಜ ಹೊರಬೇಕಾದ ಭಾರವನ್ನು ಕೆಳಗಿನ ಪಕ್ಕೆಲುಬು ಹೊರಬೇಕಾಗುತ್ತದೆ. ಅದರ ಹಿಂದೆಯೇ ಪಿತ್ತಜನಕಾಂಗ ಮತ್ತು ಗುಲ್ಮ ಇವೆ. ಮುರಿದ ಪಕ್ಕೆಲುಬು ಅವನ್ನು ಸೀಳಿದರೆ ಒಳಗೇ ರಕ್ತ ಸೋರುತ್ತದೆ.

ಏರ್‌ಬ್ಯಾಗ್ ಇದೆ, ಬೆಲ್ಟ್ ಯಾಕೆ?

ಏರ್‌ಬ್ಯಾಗ್ ಬೆಲ್ಟಿನ ಜೊತೆಗಾರ, ಬದಲಿ ಅಲ್ಲ. ಬೆಲ್ಟ್ ಹಾಕದವರು ಅದು ಪೂರ್ತಿ ಉಬ್ಬುವ ಮೊದಲೇ ಅದರ ಮೇಲೆ ಬೀಳಬಹುದು. ಆಗ ಅದರ ಹೊಡೆತವೇ ಗಾಯ ಮಾಡುತ್ತದೆ. ಸ್ಟೀರಿಂಗಿನ ನಡುವಿನಿಂದ ನಿಮ್ಮ ಎದೆಮೂಳೆಗೆ ಕನಿಷ್ಠ 25 ಸೆಂ.ಮೀ. ದೂರ ಇರಲಿ. ಹಿಂದುಮುಖದ ಮಗುವಿನ ಸೀಟನ್ನು, ಚಾಲೂ ಇರುವ ಏರ್‌ಬ್ಯಾಗಿನ ಎದುರು ಯಾವತ್ತೂ ಇಡಬೇಡಿ. ಯಾವತ್ತೂ.

ಮುಂದೆಯೋ, ಹಿಂದೆಯೋ?

ಮಕ್ಕಳಿಗೆ ಹಿಂದಿನ ಸೀಟು, ಕನಿಷ್ಠ 13 ವರ್ಷ ತುಂಬುವವರೆಗೆ. ಇದರಲ್ಲಿ ಎರಡು ಮಾತಿಲ್ಲ. ವಯಸ್ಸಾದವರ ವಿಷಯ ಅಷ್ಟು ಸುಲಭವಲ್ಲ. ಹಿಂದಿನ ಬೆಲ್ಟಿಗೆ ಲೋಡ್ ಲಿಮಿಟರ್ ಇಲ್ಲದ ಕಾರಿನಲ್ಲಿ, ಒಳ್ಳೆ ಬೆಲ್ಟ್ ಮತ್ತು ಏರ್‌ಬ್ಯಾಗ್ ಇರುವ ಮುಂದಿನ ಸೀಟು ಅವರ ಎದೆಗೆ ಹಿತ. ನಾನು ಅಮ್ಮನನ್ನು ಮುಂದೆಯೇ ಕೂರಿಸುತ್ತೇನೆ, ಸೀಟನ್ನು ಹಿಂದಕ್ಕೆ ಸರಿಸಿ.

ಹಿಂದೆ ಕೂತವರಿಗೆ ಬೆಲ್ಟ್ ಬೇಡ ಅನ್ನುವ ಮಾತು ನನ್ನನ್ನು ಬಹಳ ನೋಯಿಸುತ್ತದೆ. ಬೆಲ್ಟ್ ಹಾಕದೆ ಹಿಂದೆ ಕೂತವರು ಡಿಕ್ಕಿಯ ಕ್ಷಣದಲ್ಲಿ ಮುಂದಿನ ಸೀಟಿನ ಬೆನ್ನಿಗೆ ಅಪ್ಪಳಿಸುತ್ತಾರೆ. ಮುಂದೆ ಕೂತವರು ಬೆಲ್ಟ್ ಮತ್ತು ಆ ಭಾರದ ನಡುವೆ ಸಿಕ್ಕಿಕೊಳ್ಳುತ್ತಾರೆ. ತನ್ನ ಪ್ರಾಣವಷ್ಟೇ ಅಲ್ಲ, ಮುಂದಿರುವವರ ಪ್ರಾಣವೂ ಅದರಲ್ಲಿದೆ.

ಮಕ್ಕಳಿಗೆ ಯಾವ ಸೀಟು?

ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು ಅಂದುಕೊಳ್ಳುವ ತಾಯಂದಿರ ಪ್ರೀತಿ ನನಗೆ ಅರ್ಥವಾಗುತ್ತದೆ. ಮೇಲಿನ ಲೆಕ್ಕದಲ್ಲೇ ನೋಡಿದರೆ, 10 ಕೆ.ಜಿ. ಮಗು ಆ ಕ್ಷಣ 160 ಕೆ.ಜಿ. ಭಾರದಂತೆ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಯಾವ ಕೈಗೂ ಆ ಬಲ ಇಲ್ಲ. ನಿಮ್ಮ ಬೆಲ್ಟಿನೊಳಗೇ ಮಗುವನ್ನು ಸೇರಿಸಿಕೊಂಡರೆ ಇನ್ನೂ ಕೆಟ್ಟದ್ದು. ನಿಮ್ಮ ಮೈಭಾರವೇ ಮಗುವನ್ನು ಬೆಲ್ಟಿಗೆ ಒತ್ತಿಬಿಡುತ್ತದೆ.

ಎಳೆಮಗುವಿಗೆ ಹಿಂದುಮುಖದ ಸೀಟು. ಕಾರಣ ಮಗುವಿನ ಮೈಯಲ್ಲೇ ಇದೆ. ಹುಟ್ಟಿದ ಮಗುವಿನ ತಲೆ ಅದರ ಉದ್ದದ ಕಾಲು ಭಾಗ. ಕುತ್ತಿಗೆಯ ಮೂಳೆಗಳು ಇನ್ನೂ ಅರ್ಧ ಮೃದು. ಮುಂದೆ ಮುಖ ಮಾಡಿ ಕೂತರೆ ಆ ದೊಡ್ಡ ತಲೆಯನ್ನು ಎಳೆಕುತ್ತಿಗೆ ಒಂದೇ ತಡೆಯಬೇಕು. ಹಿಂದಕ್ಕೆ ಮುಖ ಮಾಡಿದರೆ ಸೀಟಿನ ಬೆನ್ನು ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಒಟ್ಟಿಗೆ ಅಂಗೈಯಲ್ಲಿ ಹಿಡಿದಂತೆ ಹಿಡಿಯುತ್ತದೆ. ವಿಶ್ವಸಂಸ್ಥೆಯ ಆರ್129 ನಿಯಮ ಕನಿಷ್ಠ 15 ತಿಂಗಳವರೆಗೆ ಹಿಂದುಮುಖ ಅನ್ನುತ್ತದೆ. ಸ್ವೀಡನ್‌ನಲ್ಲಿ ಸುಮಾರು ನಾಲ್ಕು ವರ್ಷದವರೆಗೂ ಹಾಗೇ ಕೂರಿಸುತ್ತಾರೆ. ಸೀಟಿನ ತೂಕ, ಎತ್ತರದ ಮಿತಿ ಮುಗಿಯುವವರೆಗೆ ತಿರುಗಿಸುವ ಆತುರ ಬೇಡ. ಕಾಲು ಮಡಚಿಕೊಂಡಿರುತ್ತೆ ಪಾಪ ಅನ್ನಿಸುತ್ತದೆ, ನಿಜ. ಮಕ್ಕಳಿಗೆ ಅದು ಕಷ್ಟವೇ ಅಲ್ಲ.

ಆಮೇಲೆ ಮುಂದುಮುಖದ ಸೀಟು, ಐದು ಕಡೆ ಹಿಡಿಯುವ ಪಟ್ಟಿಯ ಜೊತೆ. ಹಿಂದುಮುಖದಲ್ಲಿ ಭುಜದ ಪಟ್ಟಿ ಮಗುವಿನ ಭುಜದ ಮಟ್ಟದಿಂದ ಅಥವಾ ಕೆಳಗಿನಿಂದ ಬರಬೇಕು. ಮುಂದುಮುಖದಲ್ಲಿ ಭುಜದ ಮಟ್ಟದಿಂದ ಅಥವಾ ಮೇಲಿನಿಂದ. ಭುಜದ ಹತ್ತಿರ ಪಟ್ಟಿಯನ್ನು ಚಿವುಟಿ ನೋಡಿ. ಬೆರಳಿಗೆ ಮಡಿಕೆ ಸಿಕ್ಕರೆ ಇನ್ನೂ ಸಡಿಲ ಇದೆ ಅಂತ ಅರ್ಥ. ದಪ್ಪ ಸ್ವೆಟರ್, ಜಾಕೆಟ್ ತೆಗೆದು ಕೂರಿಸಿ, ಬೇಕಾದರೆ ಮೇಲಿನಿಂದ ಹೊದಿಸಿ. ಸರಿಯಾಗಿ ಬಳಸಿದ ಸೀಟು ಕಾರಿನಲ್ಲಿ ವರ್ಷದೊಳಗಿನ ಮಗುವಿನ ಸಾವಿನ ಅಪಾಯವನ್ನು ಶೇ. 71ರಷ್ಟು, ಒಂದರಿಂದ ನಾಲ್ಕು ವರ್ಷದವರದನ್ನು ಶೇ. 54ರಷ್ಟು ಇಳಿಸುತ್ತದೆ.

ಮಗುವಿನ ಸೀಟನ್ನು ಕಾರಿಗೆ ನೇರ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಯೋ, ಬೆಲ್ಟಿನಿಂದ ಕಟ್ಟುವುದೋ? ಎರಡೂ ಸರಿ, ಕಟ್ಟುವುದು ಸರಿಯಾಗಿದ್ದರೆ. ಬೆಲ್ಟಿನಿಂದ ಕಟ್ಟುವಾಗ ತಪ್ಪಾಗುವುದು ಜಾಸ್ತಿ. ಹಾಗಾಗಿ ಕಾರಿನಲ್ಲಿ ಕೊಂಡಿ ಇದ್ದರೆ, ಸೀಟು ಅದಕ್ಕೆ ಒಪ್ಪಿದರೆ, ಅದನ್ನೇ ಆರಿಸಿ.

ದೊಡ್ಡ ಮಕ್ಕಳನ್ನು ಎತ್ತರಕ್ಕೆ ಕೂರಿಸುವ ಬೂಸ್ಟರ್ ಸೀಟನ್ನು ಬೇಗ ಬಿಡಿಸುವುದೇ ನಾನು ಕಾಣುವ ದೊಡ್ಡ ತಪ್ಪು. ಏಳೆಂಟು ವರ್ಷದ ಮಗುವಿನ ಸೊಂಟದ ಮೂಳೆಯ ಮುಂದಿನ ಉಬ್ಬು ಇನ್ನೂ ಬಲಿತಿರುವುದಿಲ್ಲ. ಬೆಲ್ಟನ್ನು ಹಿಡಿದು ನಿಲ್ಲಿಸುವ ಕೊಕ್ಕೆಯೇ ಅದು. ಮೇಲಾಗಿ ಮೊಣಕಾಲು ಸೀಟಿನ ಅಂಚಿಗೆ ಮುಟ್ಟದ ಮಗು, ಕಾಲು ಇಳಿಬಿಡಲು ಮುಂದಕ್ಕೆ ಜಾರಿ ಕೂರುತ್ತದೆ. ಬೆಲ್ಟ್ ಸೀದಾ ಹೊಟ್ಟೆಗೆ ಬರುತ್ತದೆ. ಅತ್ತಿಗೆಗೆ ಆದದ್ದು ಇದೇ ಅಲ್ವಾ? ಬೂಸ್ಟರ್ ಮಗುವನ್ನು ಎತ್ತಿ ಕೂರಿಸಿ ಬೆಲ್ಟನ್ನು ತೊಡೆಯ ಬುಡಕ್ಕೆ ಇಳಿಸುತ್ತದೆ. ಬೆನ್ನಿರುವ ಬೂಸ್ಟರ್, ಬೆನ್ನಿಲ್ಲದ ಬೂಸ್ಟರ್ ಎರಡರಲ್ಲಿ ಬೆನ್ನಿರುವುದು ಮೇಲು. ಭುಜದ ಪಟ್ಟಿಗೆ ದಾರಿ ತೋರಿಸುತ್ತದೆ, ಪಕ್ಕದ ಹೊಡೆತಕ್ಕೆ ತಲೆಗೆ ಆಸರೆ ಕೊಡುತ್ತದೆ, ನಿದ್ದೆ ಬಂದಾಗ ವಾಲದಂತೆ ಹಿಡಿಯುತ್ತದೆ.

ಬೂಸ್ಟರ್ ಬಿಡುವುದು ಯಾವಾಗ? ಸುಮಾರು 145 ಸೆಂ.ಮೀ. ಎತ್ತರ ಬಂದಾಗ. ವಯಸ್ಸು ನೋಡಬೇಡಿ, ಕೂರಿಸಿ ನೋಡಿ. ಬೆನ್ನು ಸೀಟಿಗೆ ಪೂರ್ತಿ ಅಂಟಬೇಕು. ಮೊಣಕಾಲು ಅಂಚಿನಲ್ಲಿ ಸಲೀಸಾಗಿ ಮಡಚಬೇಕು. ಸೊಂಟದ ಪಟ್ಟಿ ತೊಡೆಯ ಬುಡದಲ್ಲಿ, ಭುಜದ ಪಟ್ಟಿ ಕುತ್ತಿಗೆ ಮತ್ತು ತೋಳಿನ ನಡುವೆ ಇರಬೇಕು. ಪ್ರಯಾಣ ಮುಗಿಯುವವರೆಗೂ ಹಾಗೇ ಕೂರಲು ಮಗುವಿಗೆ ಆಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಬೂಸ್ಟರ್ ಇನ್ನೂ ಬೇಕು.

ಬಸುರಿ ಹೆಂಗಸರಿಗೆ

ಬೆಲ್ಟ್ ಹಾಕಿದರೆ ಮಗುವಿಗೆ ತೊಂದರೆ ಅಂತ ಹಿರಿಯರು ಹೇಳುವುದು ಕಾಳಜಿಯಿಂದಲೇ. ಆದರೆ ಹೊಟ್ಟೆಯೊಳಗಿನ ಮಗು ಉಳಿಯಬೇಕಾದರೆ ಮೊದಲು ತಾಯಿ ಉಳಿಯಬೇಕು. ಸೊಂಟದ ಪಟ್ಟಿ ಹೊಟ್ಟೆಯ ಉಬ್ಬಿನ ಕೆಳಗೆ, ಸೊಂಟದ ಮೂಳೆಗೆ ತಾಗುವಂತೆ ಇರಲಿ. ಭುಜದ ಪಟ್ಟಿ ಎರಡು ಸ್ತನಗಳ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಇಳಿಯಲಿ. ಉಬ್ಬಿನ ಮೇಲೆ ಪಟ್ಟಿ ಬಂದರೆ ಡಿಕ್ಕಿಯಲ್ಲಿ ಮಾಸು ಗರ್ಭಕೋಶದಿಂದ ಕಳಚಿಕೊಳ್ಳುವ ಅಪಾಯ ಇದೆ. ಸಣ್ಣ ಡಿಕ್ಕಿಯಾದರೂ, ನೋವಿಲ್ಲದಿದ್ದರೂ, ಅವತ್ತೇ ಡಾಕ್ಟರಿಗೆ ತೋರಿಸಿ.

ಮೈ ತುಂಬಿಕೊಂಡವರೂ ಹೀಗೇ ಮಾಡಬೇಕು. ಹೊಟ್ಟೆಯನ್ನು ಎತ್ತಿ ಪಟ್ಟಿಯನ್ನು ಅದರ ಕೆಳಗೆ ಇಳಿಸಿ, ಆಮೇಲೆ ಭುಜದ ಕಡೆಯಿಂದ ಎಳೆದು ಸಡಿಲ ತೆಗೆಯಿರಿ.

ಮಾರುಕಟ್ಟೆಯ ಚಿಕ್ಕಪುಟ್ಟ ಸಾಮಾನುಗಳು

ಬೆಲ್ಟ್ ಸಡಿಲ ಮಾಡುವ ಕ್ಲಿಪ್ ಬೇಡ. ಶಬ್ದ ನಿಲ್ಲಿಸಲು ಸಿಕ್ಕಿಸುವ ಸುಳ್ಳು ಬಕಲ್ ಅಂತೂ ಬೇಡವೇ ಬೇಡ. ಬೆಲ್ಟ್ ನಿಜವಾಗಿ ಸಾಲದವರಿಗೆ ಮಾತ್ರ ಉದ್ದ ಮಾಡುವ ಪಟ್ಟಿ ಬೇಕಾಗುತ್ತದೆ. ಅದನ್ನು ಕಾರು ಮಾಡಿದ ಕಂಪನಿಯಿಂದಲೇ ತೆಗೆದುಕೊಳ್ಳಿ. ಬೇರೆಯವರು ಅದನ್ನು ಬಳಸಿದರೆ ಬಕಲ್ ಸೊಂಟದಿಂದ ಹೊಟ್ಟೆಯ ಮೇಲಕ್ಕೆ ಬರುತ್ತದೆ.

ಡಿಕ್ಕಿ ಆದ ಮೇಲೆ: ಮನೆಗೋ, ಆಸ್ಪತ್ರೆಗೋ?

ಇದೂ ಒಂದು ಆಯ್ಕೆಯೇ. ಭುಜ, ಎದೆಯ ಮೇಲೆ ತೆಳುವಾದ ಗೆರೆ, ಮುಟ್ಟಿದರೆ ನೋವು, ಉಸಿರಾಟ ಸಲೀಸು. ಇಷ್ಟೇ ಆದರೆ ಬಹುತೇಕ ತಾನಾಗೇ ವಾಸಿಯಾಗುತ್ತದೆ. ಉಸಿರು ಎಳೆದಾಗ ಚುಚ್ಚಿದರೆ ಪಕ್ಕೆಲುಬೋ ಎದೆಮೂಳೆಯೋ ಬಿರಿದಿರಬಹುದು, ತೋರಿಸಬೇಕು.

ಹೊಟ್ಟೆಗೆ ಅಡ್ಡಲಾಗಿ ಗುರುತು ಕಂಡರೆ ಯೋಚನೆ ಮಾಡದೆ ಆಸ್ಪತ್ರೆಗೆ ಹೋಗಿ. ಕರುಳು ಹರಿದಿದ್ದರೂ ಮೊದಲ ಕೆಲವು ಗಂಟೆ ನೋವು ಅಷ್ಟಾಗಿ ಇಲ್ಲದಿರಬಹುದು. ಅತ್ತಿಗೆ ಅಪಘಾತದ ಜಾಗದಲ್ಲಿ "ನನಗೇನೂ ಆಗಿಲ್ಲ, ಮಕ್ಕಳನ್ನು ನೋಡಿ" ಅಂದಿದ್ದರು. ವಾಂತಿ ಶುರುವಾದದ್ದು ರಾತ್ರಿ. ಹೊಟ್ಟೆಯ ಗುರುತಿನ ಜೊತೆ ಬೆನ್ನುನೋವೂ ಇದ್ದರೆ ಬೆನ್ನೆಲುಬನ್ನೂ ನೋಡಿ ಅಂತ ಡಾಕ್ಟರಿಗೆ ಹೇಳಿ. ಕುತ್ತಿಗೆಯ ಮೇಲೆ ಗೆರೆ ಇದ್ದರೂ ಹೋಗಲೇಬೇಕು. ಮೆದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದು, ತಡವಾಗಿ ಪಾರ್ಶ್ವವಾಯು ಬರಬಹುದು. ಡಾಕ್ಟರ್ ಕೇಳದಿದ್ದರೂ ಮೂರು ವಿಷಯ ನೀವೇ ಹೇಳಿ: ಎಲ್ಲಿ ಕೂತಿದ್ದಿರಿ, ಬೆಲ್ಟ್ ಯಾವ ಬಗೆಯದು, ಅದು ಮೈಮೇಲೆ ಎಲ್ಲಿತ್ತು.

ಇನ್ನು ಕಾರಿನ ವಿಷಯ. ಜೋರಾದ ಡಿಕ್ಕಿಯ ಭಾರ ಹೊತ್ತ ಬೆಲ್ಟನ್ನು ಮತ್ತೆ ಬಳಸಬಾರದು. ಅದರ ನೂಲು ಹಿಗ್ಗಿರುತ್ತದೆ, ಪ್ರಿಟೆನ್ಷನರ್ ಒಮ್ಮೆ ಸಿಡಿದರೆ ಮುಗಿಯಿತು. ಮಗುವಿನ ಸೀಟಿಗೂ ಇದೇ ಮಾತು. ಹಳೆ ಕಾರು ಕೊಳ್ಳುವಾಗ ಪ್ರತಿ ಬೆಲ್ಟನ್ನೂ ತುದಿಯವರೆಗೆ ಹೊರಗೆ ಎಳೆದು ನೋಡಿ. ಅಂಚು ಹರಿದಿದೆಯಾ, ಹೊಳಪಾಗಿ ಕರಗಿದಂತಿದೆಯಾ, ಬಿಟ್ಟರೆ ಪೂರ್ತಿ ಒಳಗೆ ಹೋಗುತ್ತದೆಯಾ, ಜಗ್ಗಿ ಎಳೆದರೆ ಹಿಡಿಯುತ್ತದೆಯಾ. ಅಣ್ಣನ ಕಾರು ರಿಪೇರಿಗೆ ಹೋದಾಗ ಬಾನೆಟ್, ಬಂಪರ್, ಲೈಟು ಎಲ್ಲಾ ಹೊಸದಾಗಿ ಬಂದವು. ಬೆಲ್ಟ್ ಮಾತ್ರ ಹಳೆಯದೇ ಇತ್ತು. ಅತ್ತಿಗೆಯೇ ಅದನ್ನು ಎಳೆದು ನೋಡಿ, ಇದನ್ನು ಬದಲಾಯಿಸಿ ಆಮೇಲೆ ಕಾರು ಕೊಡಿ ಅಂದರು.